ಮನೆಯ ವಿಡಿಯೊ ಜೋಡಿಸುವುದನ್ನು ಕನ್ನಡದಲ್ಲಿ ಕಲಿಸಿ

ಮಾನ್ಯ ಸಂಪಾದಕರೇ,

ಮೊಬೈಲಿನಲ್ಲಿ ಹಣ ಕಳುಹಿಸುವುದು ಹೇಗೆ, ಪಹಣಿಯನ್ನು ಅಂತರ್ಜಾಲದಲ್ಲಿ ಪಡೆಯುವುದು ಹೇಗೆ, ರೈಲಿನ ಟಿಕೆಟ್ ಕಾಯ್ದಿರಿಸುವುದು ಹೇಗೆ ಎಂಬುದನ್ನೆಲ್ಲ ಕನ್ನಡ ಪತ್ರಿಕೆಗಳು ಹಂತಹಂತವಾಗಿ ತಿಳಿಸಿಕೊಟ್ಟಿದ್ದರಿಂದಲೇ ನನ್ನಂಥ ಅನೇಕ ಹಿರಿಯರು ಈ ಕೆಲಸಗಳನ್ನು ಇನ್ನೊಬ್ಬರ ಕೈಕಾಯದೆ ಮಾಡಿಕೊಳ್ಳುತ್ತಿದ್ದೇವೆ. ಮನೆಯಲ್ಲಿ ತೆಗೆದ ವಿಡಿಯೊಗಳನ್ನು ನಾವೇ ಕತ್ತರಿಸಿ, ಜೋಡಿಸಿ, ಮನೆಮಂದಿ ಕೂತು ನೋಡುವಂತೆ ಮಾಡಿ ಉಳಿಸಿಕೊಳ್ಳುವ ಕೆಲಸವನ್ನೂ ಅದೇ ರೀತಿ ಕನ್ನಡದಲ್ಲಿ ಕಲಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಇದು ಹೊತ್ತು ಹೋಗದವರ ಹವ್ಯಾಸ ಎಂದು ಕೆಲವರಿಗೆ ಅನ್ನಿಸಬಹುದು. ಎರಡು ವರ್ಷಗಳ ಹಿಂದಿನವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ನನ್ನ ಅಭಿಪ್ರಾಯ ಬದಲಾದದ್ದು ಒಂದು ಕ್ಯಾಸೆಟ್ಟಿನಿಂದ.

1993ರಲ್ಲಿ ನನ್ನ ತಂಗಿಯ ಮದುವೆ ಅರಸೀಕೆರೆ ಸೀಮೆಯ ನಮ್ಮ ಹಳ್ಳಿಯಲ್ಲಿ, ಮನೆಯ ಮುಂದೆಯೇ ಹಾಕಿದ ಚಪ್ಪರದಲ್ಲಿ ನಡೆಯಿತು. ಕಲ್ಯಾಣ ಮಂಟಪಗಳು ಆಗ ನಮ್ಮ ಕೈಗೆಟಕುತ್ತಿರಲಿಲ್ಲ. ಆದರೂ ತಂದೆಯವರು ಹಟ ಮಾಡಿ ಪಟ್ಟಣದಿಂದ ವಿಡಿಯೊದವರನ್ನು ಕರೆಸಿದ್ದರು. ಹಿಂದಿನ ದಿನದ ಅರಿಶಿನ ಶಾಸ್ತ್ರದಲ್ಲಿ ನಮ್ಮ ಅವ್ವ ಸೋಬಾನೆ ಹೇಳಿದ್ದಳು. ಸುತ್ತ ಕೂತ ಹೆಂಗಸರು ದನಿಗೂಡಿಸಿದ್ದರು. ಅವ್ವ 2004ರಲ್ಲಿ ತೀರಿಕೊಂಡಳು. ಅವಳ ದನಿ ಎಲ್ಲಾದರೂ ಉಳಿದಿದ್ದರೆ ಅದು ಆ ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಮಾತ್ರ. ಮನೆಯಲ್ಲಿದ್ದ, ಕ್ಯಾಸೆಟ್ ಓಡಿಸುವ ವಿಸಿಆರ್ ಯಂತ್ರ ಕೆಟ್ಟು ಗುಜರಿಗೆ ಹೋದ ಮೇಲೆ ಆ ಕ್ಯಾಸೆಟ್ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಇಪ್ಪತ್ತು ವರ್ಷ ಮಲಗಿತ್ತು.

ಎರಡು ವರ್ಷದ ಹಿಂದೆ ತಂಗಿಯ ಮಗಳಿಗೆ ಮದುವೆ ನಿಶ್ಚಯವಾದಾಗ ಅದನ್ನು ತೆಗೆದು, ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಒಂದು ಅಂಗಡಿಗೆ ಕೊಟ್ಟೆ. ಹದಿನೈದು ದಿನಗಳ ನಂತರ ಪೆನ್‌ಡ್ರೈವ್ ಬಂತು. ಮನೆಯವರೆಲ್ಲ ಟಿವಿಯ ಮುಂದೆ ಕೂತೆವು. ಮೂರು ಗಂಟೆಯ ಮದುವೆ ಇಪ್ಪತ್ತೆರಡು ನಿಮಿಷಕ್ಕೆ ಇಳಿದಿತ್ತು. ಪ್ರತಿ ದೃಶ್ಯದ ನಡುವೆ ಹೃದಯದ ಆಕಾರ ಅರಳುತ್ತಿತ್ತು, ಗುಲಾಬಿಯ ಎಸಳು ಉದುರುತ್ತಿತ್ತು. ಅರಿಶಿನ ಶಾಸ್ತ್ರದ ದೃಶ್ಯ ಬಂತು. ಅವ್ವ ತುಟಿ ಆಡಿಸುತ್ತಿದ್ದಳು. ಕೇಳಿಸಿದ್ದು ಮಾತ್ರ ಸಿನಿಮಾ ಹಾಡು. ತಂಗಿ ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದಳು. ಮರುದಿನ ಅಂಗಡಿಗೆ ಹೋಗಿ ಕೇಳಿದಾಗ ಅಲ್ಲಿನ ಹುಡುಗ, “ಹಳೇ ಕ್ಯಾಸೆಟ್ ಸಾರ್, ಹಿಂದುಗಡೆ ಜನರೇಟರ್ ಸೌಂಡು ಗುಂಯ್ ಅಂತಿತ್ತು, ಅದಕ್ಕೇ ಆಡಿಯೊ ತೆಗೆದು ಹಾಡು ಹಾಕಿ ಮಿಕ್ಸಿಂಗ್ ಮಾಡಿದೀವಿ” ಎಂದ. ಮೂಲ ಧ್ವನಿಯಿರುವ ಫೈಲ್ ಇದೆಯೇ ಎಂದರೆ, ಕೆಲಸ ಮುಗಿದ ಮೇಲೆ ಅಳಿಸಿಬಿಡುತ್ತೇವೆ ಎಂದ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಆ ದನಿ ಯಾರದೆಂದು ಅವನಿಗೆ ತಿಳಿಯುವ ದಾರಿ ಇರಲಿಲ್ಲ. ಅವನ ಕಿವಿಗೆ ಅದು ಗದ್ದಲದ ನಡುವಿನ ಒಂದು ಹಾಡು, ಅಷ್ಟೇ. ಅವನ ಪಕ್ಕದಲ್ಲಿ ಕೂತು ಇದನ್ನು ಉಳಿಸು, ಅದನ್ನು ಬಿಡು ಎಂದು ಹೇಳಬಲ್ಲವನು ನಾನು; ನನಗೆ ಆ ಕೆಲಸದ ಗಂಧವೇ ಗೊತ್ತಿರಲಿಲ್ಲ.

ಪುಣ್ಯಕ್ಕೆ ಕ್ಯಾಸೆಟ್ ವಾಪಸ್ ಬಂದಿತ್ತು. ಈ ಸಲ ನಾನೇ ಮಾಡುವುದೆಂದು ನಿಶ್ಚಯಿಸಿದೆ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಎಂಬುದು ಜಗತ್ತಿನಲ್ಲಿ ಎಲ್ಲಿಯೂ ತಯಾರಾಗುತ್ತಿಲ್ಲ; ಹಾಗಾಗಿ ಉಳಿದಿರುವ ಹಳೆಯ ಯಂತ್ರಗಳೇ ಗತಿ. ಹಿಂದೆ ಸಿನಿಮಾ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತಿದ್ದ ಪರಿಚಯದವರೊಬ್ಬರ ಅಟ್ಟದಲ್ಲಿ ಒಂದು ಸಿಕ್ಕಿತು. ರಿಪೇರಿಯವರು ಟೇಪನ್ನು ಓದುವ ಹೆಡ್ ಶುಚಿ ಮಾಡಿ ಬೆಲ್ಟ್ ಬದಲಿಸಿಕೊಟ್ಟರು. ಇಂಥ ಯಂತ್ರಕ್ಕೆ ಮೊದಲು ಬೇಡವಾದ ಕ್ಯಾಸೆಟ್ಟನ್ನು ಹಾಕಿ ಓಡಿಸಿ ನೋಡಬೇಕು, ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡರೆ ಆ ಕ್ಯಾಸೆಟ್ಟನ್ನು ಹಾಕಲೇಬಾರದು ಎಂದು ಅವರು ಹೇಳಿದ ಮಾತನ್ನು ಇಲ್ಲಿ ದಾಖಲಿಸುತ್ತೇನೆ, ಏಕೆಂದರೆ ಮಲೆನಾಡಿನ ಮನೆಗಳಲ್ಲಿ ಬೂಷ್ಟು ಹಿಡಿದ ಕ್ಯಾಸೆಟ್ಟುಗಳು ಬಹಳ ಇವೆ ಮತ್ತು ಅವಸರದಲ್ಲಿ ಓಡಿಸಿದರೆ ಟೇಪು ಹರಿಯುವುದೂ ಉಂಟು, ಹೆಡ್ ಹಾಳಾಗುವುದೂ ಉಂಟು. ವಿಸಿಆರ್‌ನ ಹಳದಿ, ಬಿಳಿ, ಕೆಂಪು ವೈರುಗಳನ್ನು ಒಂದು ಚಿಕ್ಕ ಯುಎಸ್‌ಬಿ ಸಾಧನಕ್ಕೆ ಜೋಡಿಸಿ ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಚಿತ್ರ ಮತ್ತು ಧ್ವನಿ ಫೈಲಾಗಿ ಇಳಿಯುತ್ತವೆ. ಇಲ್ಲಿ ಒಳದಾರಿ ಇಲ್ಲ. ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆಯೇ ಬೇಕು.

ನಮ್ಮ ದೇಶದ ಹಳೆಯ ಕ್ಯಾಸೆಟ್ಟುಗಳು ಪಾಲ್ ಎಂಬ ಟಿವಿ ಚಿತ್ರದ ಪದ್ಧತಿಯವು: 625 ಗೆರೆ, ಅದರಲ್ಲಿ ಕಣ್ಣಿಗೆ ಕಾಣುವುದು 576, ಸೆಕೆಂಡಿಗೆ 25 ಚಿತ್ರ. ಪ್ರತಿ ಚಿತ್ರವೂ ಸರಿ ಗೆರೆ, ಬೆಸ ಗೆರೆ ಎಂದು ಎರಡು ಪಾಲಾಗಿ ದಾಖಲಾಗಿರುವುದರಿಂದ ಕಂಪ್ಯೂಟರಿನ ಪರದೆಯಲ್ಲಿ, ಯಾರಾದರೂ ಕೈ ಬೀಸಿದಾಗ, ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತವೆ. ನನ್ನ ಕ್ಯಾಸೆಟ್ಟೇ ಹಾಳಾಯಿತೆಂದು ಮೊದಲ ರಾತ್ರಿ ನಾನು ನಿದ್ದೆಗೆಟ್ಟಿದ್ದೆ. ಡಿಇಂಟರ್‌ಲೇಸ್ ಎಂಬ ಒಂದು ಆಯ್ಕೆಯನ್ನು ಒತ್ತಿದರೆ ಅವು ಹೋಗುತ್ತವೆ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಕನ್ನಡದಲ್ಲಿ ಯಾರಾದರೂ ಎರಡು ಸಾಲು ಬರೆದಿದ್ದರೆ ಒಂದು ನಿಮಿಷ ಸಾಕಿತ್ತು. ಹಾಗೆಯೇ ಹಳೆಯ ಚಿತ್ರದ ಅಗಲ ಎತ್ತರಗಳ ಪ್ರಮಾಣ 4:3. ಇಂದಿನ ಟಿವಿಯ ತುಂಬ ಕಾಣಲೆಂದು ಅದನ್ನು ಅಡ್ಡಕ್ಕೆ ಹಿಗ್ಗಿಸುವವರೇ ಹೆಚ್ಚು. ಹಿಗ್ಗಿಸಿದರೆ ಎಲ್ಲರ ಮುಖವೂ ಊದಿಕೊಂಡಂತೆ ಕಾಣುತ್ತದೆ. ಎರಡೂ ಬದಿಗೆ ಕಪ್ಪು ಪಟ್ಟಿ ಇದ್ದರೆ ಇರಲಿ ಎಂದು ಬಿಡುವುದೇ ಸರಿ.

ಇನ್ನು ತಂತ್ರಾಂಶದ ಮಾತು. ವಿಂಡೋಸ್ ಕಂಪ್ಯೂಟರಿನ ಜೊತೆ 2000ನೇ ಇಸವಿಯಿಂದ ಬರುತ್ತಿದ್ದ ಮೂವಿ ಮೇಕರ್ ಅನೇಕರ ಮೊದಲ ಪಾಠಶಾಲೆಯಾಗಿತ್ತು. ಮೈಕ್ರೋಸಾಫ್ಟ್ ಅದನ್ನು 2017ರ ಜನವರಿ 10ರಂದು ಹಿಂತೆಗೆದುಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ, ಅದೇ ಹೆಸರಿನ ನಕಲಿ ತಂತ್ರಾಂಶವೊಂದನ್ನು ಹರಡಿ ಜನರಿಂದ ಹಣ ಕೇಳುತ್ತಿದ್ದ ವಂಚನೆಯನ್ನು ಕಂಪ್ಯೂಟರ್ ಭದ್ರತಾ ಸಂಸ್ಥೆಯೊಂದು ಬಯಲಿಗೆಳೆಯಿತು. ಹೊಸಬರು ಜಾಹೀರಾತಿನಲ್ಲಿ ಕಂಡದ್ದನ್ನು ಇಳಿಸಿಕೊಳ್ಳಬಾರದು, ತಯಾರಕರ ಸ್ವಂತ ಜಾಲತಾಣದಿಂದ ಮಾತ್ರ ಪಡೆಯಬೇಕು ಎನ್ನುವುದಕ್ಕೆ ಇದೊಂದೇ ನಿದರ್ಶನ ಸಾಕು. ಉಚಿತವೆಂದು ಹೇಳಿ, ಐದಾರು ದಿನ ಕೂತು ಕೆಲಸ ಮುಗಿಸಿದ ಮೇಲೆ ಎಕ್ಸ್‌ಪೋರ್ಟ್ ಮಾಡುವ, ಎಂದರೆ ಮುಗಿದ ವಿಡಿಯೊವನ್ನು ಫೈಲಾಗಿ ಹೊರತೆಗೆಯುವ ಹೊತ್ತಿಗೆ ದುಡ್ಡು ಕೇಳುವ, ಕೊಡದಿದ್ದರೆ ಅವ್ವನ ಮುಖದ ಮೇಲೆಯೇ ತಮ್ಮ ಕಂಪನಿಯ ಮುದ್ರೆ ಒತ್ತುವ ತಂತ್ರಾಂಶವೂ ನನಗೆ ಸಿಕ್ಕಿತ್ತು. ಅದನ್ನು ತೆಗೆದುಹಾಕಿದೆ.

ನಿಜವಾಗಿ ಉಚಿತವಾದವು ಇವೆ. ಓಪನ್‌ಶಾಟ್, ಶಾಟ್‌ಕಟ್, ಕೆಡೆನ್‌ಲೈವ್ ಈ ಮೂರೂ ಮುಕ್ತ ತಂತ್ರಾಂಶಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಮುದ್ರೆಯಿಲ್ಲ, ಅವಧಿಯ ಮಿತಿಯಿಲ್ಲ. ಆಪಲ್ ಕಂಪ್ಯೂಟರ್ ಇದ್ದವರಿಗೆ ಐಮೂವಿ 1999ರಿಂದಲೂ ಇದೆ. ವಿಂಡೋಸ್ 11ರ ಜೊತೆ ಬರುವ ಕ್ಲಿಪ್‌ಚಾಂಪ್ ಕೂಡ ಆರಂಭಕ್ಕೆ ಸಾಕು. ಓಪನ್‌ಶಾಟ್ ನೋಡಲು ತೀರ ಸರಳ. ನಾನು ಹಿಡಿದದ್ದು ಶಾಟ್‌ಕಟ್. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ತಡವರಿಸದೆ ನಡೆಯಿತು, ಅಷ್ಟೇ ಕಾರಣ. ಯಾವುದನ್ನು ಹಿಡಿದರೂ ಒಂದನ್ನೇ ಹಿಡಿದು ಕಲಿಯುವುದು ಒಳ್ಳೆಯದು, ಏಕೆಂದರೆ ಎಲ್ಲದರ ಒಳಗಿನ ವ್ಯವಸ್ಥೆಯೂ ಒಂದೇ: ಕೆಳಗೆ ಟೈಮ್‌ಲೈನ್ ಎಂಬ ಉದ್ದನೆಯ ಪಟ್ಟಿ, ಅದರ ಮೇಲೆ ಒಂದರ ಪಕ್ಕ ಒಂದು ಕ್ಲಿಪ್ಪುಗಳು ಎಂಬ ವಿಡಿಯೊ ತುಂಡುಗಳು, ಒಂದರ ಮೇಲೊಂದು ಟ್ರ್ಯಾಕುಗಳು ಎಂಬ ಚಿತ್ರ ಮತ್ತು ಧ್ವನಿಯ ಸಾಲುಗಳು. ಶಾಟ್‌ಕಟ್‌ನಲ್ಲಿ ಎಸ್ ಕೀಲಿ ಒತ್ತಿದರೆ ಟೈಮ್‌ಲೈನಿನ ಮೇಲೆ ಓಡುವ ಗೆರೆ ನಿಂತಲ್ಲಿ ಕ್ಲಿಪ್ ಎರಡಾಗುತ್ತದೆ. ಎಕ್ಸ್ ಒತ್ತಿದರೆ ಆರಿಸಿದ ತುಂಡು ಹೋಗಿ ಅದರ ನಂತರದವು ಸರಿದು ಬಂದು ಕೂಡಿಕೊಳ್ಳುತ್ತವೆ. ಈ ಎರಡು ಕೀಲಿಗಳಿಂದಲೇ ಮನೆಯ ವಿಡಿಯೊದ ಮುಕ್ಕಾಲು ಕೆಲಸ ಆಗುತ್ತದೆ.

ಹೊಸಬರ ಕೈ ನಡುಗುವುದು, ಕತ್ತರಿಸಿದರೆ ಮೂಲವೇ ಹೋದೀತೆಂಬ ಅಂಜಿಕೆಯಿಂದ. ಅದು ಹೋಗುವುದಿಲ್ಲ. ನಾವು ಕತ್ತರಿಸುವುದು ಫೈಲನ್ನಲ್ಲ. ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕೆಂಬ ಸೂಚನೆಯಷ್ಟೇ ಪ್ರಾಜೆಕ್ಟ್ ಫೈಲಿನಲ್ಲಿ ಬರೆದಿಡಲಾಗುತ್ತದೆ. ಈ ಅನುಕೂಲದ ಬೆನ್ನಿಗೇ ಒಂದು ಅಪಾಯವೂ ಇದೆ. ಮೂಲ ವಿಡಿಯೊಗಳಿರುವ ಫೋಲ್ಡರಿನ ಹೆಸರನ್ನು ನಡುವೆ ನಾನು ಬದಲಿಸಿದೆ. ಮರುದಿನ ಪ್ರಾಜೆಕ್ಟ್ ತೆರೆದರೆ ಫೈಲುಗಳು ಕಾಣೆಯಾಗಿವೆ ಎಂಬ ಸೂಚನೆ ಬಂತು, ಒಂಬತ್ತು ದಿನದ ಕೆಲಸ ಹೋಯಿತೆಂದು ಎದೆ ಧಸಕ್ಕೆಂದಿತು. ಹಳೆಯ ಹೆಸರನ್ನೇ ಮರಳಿ ಇಟ್ಟ ಮೇಲೆ ಎಲ್ಲವೂ ಇದ್ದಲ್ಲಿಯೇ ಬಂದವು. ಒಂದು ಸಮಾರಂಭಕ್ಕೆ ಒಂದು ಫೋಲ್ಡರ್, ಎಲ್ಲ ಫೈಲುಗಳೂ ಅದರೊಳಗೆ, ಕೆಲಸ ಮುಗಿಯುವವರೆಗೆ ಅದನ್ನು ಕದಲಿಸುವಂತಿಲ್ಲ ಎಂಬುದನ್ನು ಮೊದಲ ಪಾಠದಲ್ಲೇ ಹೇಳಿಕೊಡಬೇಕು.

ಅವ್ವನ ಹಾಡು ಕ್ಯಾಸೆಟ್ಟಿನ ನಲವತ್ತೇಳನೇ ನಿಮಿಷದಲ್ಲಿ ಸಿಕ್ಕಿತು. ಒಟ್ಟು ಆರು ನಿಮಿಷ ಹತ್ತು ಸೆಕೆಂಡು. ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಕೇಳಿದಾಗ ಏನೆನ್ನಿಸಿತೆಂಬುದನ್ನು ಬರೆಯಲು ನನ್ನಿಂದಾಗದು. ವಿಡಿಯೊದವರು ಮೊದಲ ನಲವತ್ತು ಸೆಕೆಂಡು ಅವಳನ್ನು ತೋರಿಸಿ, ಅನಂತರ ಕ್ಯಾಮೆರಾ ನಿಲ್ಲಿಸದೆ ಅದನ್ನು ಕೆಳಮುಖವಾಗಿ ಹಿಡಿದು ಚಪ್ಪರದ ಆ ತುದಿಗೆ ನಡೆದಿದ್ದರು. ಚಿತ್ರದಲ್ಲಿ ಕಾಣುವುದು ಸಗಣಿ ಸಾರಿಸಿದ ನೆಲ, ಯಾರದೋ ಕಾಲು, ದೀಪದ ಕುಕ್ಕುವ ಬೆಳಕು. ಆದರೆ ಧ್ವನಿ ಎಲ್ಲಿಯೂ ತುಂಡಾಗಿರಲಿಲ್ಲ. ಶಾಟ್‌ಕಟ್‌ನಲ್ಲಿ ಧ್ವನಿಯನ್ನು ಚಿತ್ರದಿಂದ ಬೇರ್ಪಡಿಸುವ ಆಯ್ಕೆ ಇದೆ. ಹಾಡಿನ ಧ್ವನಿಯನ್ನು ಮೊದಲಿನಿಂದ ಕೊನೆಯವರೆಗೆ ಇಡಿಯಾಗಿ ಕೆಳಗಿನ ಟ್ರ್ಯಾಕಿನಲ್ಲಿ ಇಟ್ಟು, ನೆಲ ಕಾಣುತ್ತಿದ್ದ ಭಾಗಗಳ ಮೇಲೆ ಅದೇ ಅರಿಶಿನ ಶಾಸ್ತ್ರದ ಬೇರೆ ದೃಶ್ಯಗಳನ್ನು ಧ್ವನಿ ತೆಗೆದು ಹೊದಿಸಿದೆ: ಅರಿಶಿನ ಕಲಸುವ ಕೈ, ತಂಗಿಯ ಬಾಗಿದ ತಲೆ, ಹಸೆಮಣೆಯ ಅಂಚಿಗೆ ಒರಗಿ ನಿದ್ದೆಹೋದ ಒಂದು ಮಗು. ಹಾಡಿನಲ್ಲಿ ಮದುಮಗಳ ಹೆಸರು ಬರುವ ಕಡೆ ತಂಗಿಯ ಮುಖ ಬರುವಂತೆ ನೋಡಿಕೊಂಡೆ. ಅದು ಹೊಂದಲು ಒಂದು ಸಂಜೆಯೆಲ್ಲ ಬೇಕಾಯಿತು. ಅರ್ಧ ಸೆಕೆಂಡು ಮೊದಲು ಬಂದರೆ ಹೆಸರಿಗೂ ಮುಖಕ್ಕೂ ಸಂಬಂಧವಿಲ್ಲದಂತಾಗುತ್ತಿತ್ತು, ಅರ್ಧ ಸೆಕೆಂಡು ತಡವಾದರೆ ಪದ ಆಗಲೇ ದಾಟಿಹೋಗಿರುತ್ತಿತ್ತು.

ಹೀಗೆ ಹೊದಿಸುವುದು ಸುಳ್ಳಾಗುವುದಿಲ್ಲವೇ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಅವ್ವ ಬೇರೆ ಹೊತ್ತಿನಲ್ಲಿ ಮಾತಾಡುತ್ತಿದ್ದ ಒಂದು ಚಿತ್ರವನ್ನು ಹಾಡಿನ ಮೇಲೆ ಇಟ್ಟರೆ ಅವಳೇ ಹಾಡುತ್ತಿರುವಂತೆ ಕಾಣುತ್ತಿತ್ತು, ಮನೆಯವರಿಗೆ ಗೊತ್ತೂ ಆಗುತ್ತಿರಲಿಲ್ಲ. ಅದನ್ನು ಮಾಡಲಿಲ್ಲ. ಅದೇ ಜಾಗದ, ಅದೇ ಗಳಿಗೆಯ ಆಸುಪಾಸಿನ ಚಿತ್ರಗಳನ್ನು ಮಾತ್ರ ಬಳಸಿದೆ. ಜನರೇಟರಿನ ಗುಂಯ್‌ಗುಡುವಿಕೆಯನ್ನು ತಗ್ಗು ಸ್ವರದ ಸದ್ದನ್ನು ತಡೆಯುವ ಹೈ ಪಾಸ್ ಎಂಬ ಫಿಲ್ಟರಿನಿಂದ ತಗ್ಗಿಸಬಹುದು. ಪೂರ್ತಿ ತೆಗೆಯಹೋದಾಗ ಅವ್ವನ ದನಿ ತಗಡಿನಂತೆ ತೆಳುವಾಯಿತು. ಸ್ವಲ್ಪ ಸದ್ದು ಹಾಗೆಯೇ ಇರಲೆಂದು ಬಿಟ್ಟೆ. ಆ ಜನರೇಟರನ್ನು ತಂದೆಯವರು ಎತ್ತಿನ ಗಾಡಿಯಲ್ಲಿ ತರಿಸಿದ್ದರು. ಅದೂ ಆ ಮದುವೆಯದೇ.

ಹಳೆಯ ಕ್ಯಾಸೆಟ್ಟಿನ ಕಷ್ಟ ಒಂದು ಬಗೆಯದಾದರೆ ಮೊಬೈಲಿನ ಕಷ್ಟ ಇನ್ನೊಂದು ಬಗೆಯದು. ಕಳೆದ ವರ್ಷ ಮೊಮ್ಮಗನ ನಾಮಕರಣದಲ್ಲಿ ಮೂರು ಮೊಬೈಲುಗಳಿಂದ ಎಪ್ಪತ್ತೊಂದು ತುಣುಕುಗಳು ಬಂದವು, ಒಟ್ಟು ಒಂದು ಗಂಟೆ ಐವತ್ತು ನಿಮಿಷ. ಪೂರ್ಣ ಎಚ್‌ಡಿ ಗುಣಮಟ್ಟದ ವಿಡಿಯೊ ಸಾಮಾನ್ಯವಾಗಿ ನಿಮಿಷಕ್ಕೆ ನೂರು ಎಂಬಿಯ ಆಸುಪಾಸು ಜಾಗ ತಿನ್ನುತ್ತದೆ. ಫೋನು ತುಂಬಿದ ದಿನ ಯಾರೋ ಕಣ್ಣುಮುಚ್ಚಿ ಅಳಿಸುತ್ತಾರೆ, ಬೇಕಾದದ್ದೂ ಬೇಡದ್ದೂ ಒಟ್ಟಿಗೆ ಹೋಗುತ್ತವೆ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವನಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿತ್ತು. ಕತ್ತರಿ ಹಾಕುವ ಮೊದಲು ಎಪ್ಪತ್ತೊಂದನ್ನೂ ಒಮ್ಮೆ ಪೂರ್ತಿ ನೋಡಿ, ಹಾಳೆಯೊಂದರಲ್ಲಿ ತುಣುಕಿನ ಸಂಖ್ಯೆ, ಅದರಲ್ಲಿ ಯಾರಿದ್ದಾರೆ, ಏನಾಗುತ್ತದೆ, ಎಷ್ಟನೇ ಸೆಕೆಂಡಿನಿಂದ ಎಷ್ಟರವರೆಗೆ ಬೇಕು ಎಂದು ಬರೆದುಕೊಂಡೆ. ಆ ಹಾಳೆ ಕೈಯಲ್ಲಿದ್ದುದರಿಂದ ಟೈಮ್‌ಲೈನಿನ ಮುಂದೆ ಕೂತಾಗ ಗೊಂದಲವಾಗಲಿಲ್ಲ. ಕೊನೆಗೆ ಉಳಿದದ್ದು ಹನ್ನೊಂದು ನಿಮಿಷ.

ಹೋಗಬೇಕಾದ್ದು ಯಾವುದೆಂದು ಬೇಗ ತಿಳಿಯುತ್ತದೆ: ಕ್ಯಾಮೆರಾ ಅಲುಗಾಡುವ ಆರಂಭ, “ಆನ್ ಆಯ್ತಾ?” ಎಂದು ಕೇಳುವ ದನಿ, ಒಂದೇ ಆರತಿಯನ್ನು ಮೂರು ದಿಕ್ಕಿನಿಂದ ತೆಗೆದದ್ದು. ಉಳಿಯಬೇಕಾದ್ದನ್ನು ಗುರುತಿಸುವುದು ಕಷ್ಟ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಮುನ್ನ ಎಂಟು ಸೆಕೆಂಡು ಏನೂ ನಡೆಯುವುದಿಲ್ಲ. ಎಲ್ಲರೂ ಸುಮ್ಮನೆ ಬಗ್ಗಿ ನೋಡುತ್ತಿರುತ್ತಾರೆ. ಏನೂ ಇಲ್ಲವೆಂದು ಅದನ್ನು ತೆಗೆದಿದ್ದೆ. ತೆಗೆದ ಮೇಲೆ ನೋಡಿದರೆ ಹೆಸರು ಹೇಳಿದ್ದು ಎಲ್ಲಿಂದಲೋ ಬಂದು ಬಿದ್ದಂತಿತ್ತು. ಆ ಎಂಟು ಸೆಕೆಂಡುಗಳನ್ನು ಮರಳಿ ಸೇರಿಸಿದೆ. ಇಂಥ ತೀರ್ಮಾನವನ್ನು ತಂತ್ರಾಂಶವಾಗಲಿ ಅಂಗಡಿಯಾಗಲಿ ಮಾಡಿಕೊಡಲಾರದು, ಮನೆಯವರೇ ಮಾಡಬೇಕು. ತಂತ್ರಾಂಶದಲ್ಲಿ ನೂರೆಂಟು ಬಗೆಯ ಅಲಂಕಾರಗಳಿವೆ. ಪುಟ ತಿರುವಿದಂತೆ, ಬಾಗಿಲು ತೆರೆದಂತೆ ದೃಶ್ಯ ಬದಲಾಗುವುದು ಮೊದಲೆರಡು ದಿನ ಬೆರಗಾಗಿ ಕಾಣುತ್ತದೆ. ನೇರವಾಗಿ ಕತ್ತರಿಸಿ ಜೋಡಿಸಿದ್ದೇ ಹತ್ತು ವರ್ಷದ ನಂತರವೂ ಹಳಸಲಾಗಿ ಕಾಣದು ಎಂಬುದು ನನ್ನ ಅಭಿಪ್ರಾಯ. ಹಿನ್ನೆಲೆಗೆ ಸಿನಿಮಾ ಹಾಡು ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಅದನ್ನು ಯೂಟ್ಯೂಬಿಗೆ ಏರಿಸಿದರೆ ಹಕ್ಕುದಾರರ ಹಾಡನ್ನು ಆ ವ್ಯವಸ್ಥೆ ತಾನಾಗಿಯೇ ಗುರುತಿಸಿ ಧ್ವನಿ ಕಡಿಯುವ ಅಥವಾ ವಿಡಿಯೊವನ್ನೇ ತಡೆಯುವ ಸಂಭವವಿದೆ ಎಂಬುದು ಒಂದು ಕಾರಣ. ಮನೆಯವರ ಮಾತು, ಪಾತ್ರೆಯ ಸದ್ದು, ಮಗುವಿನ ಅಳು ಇವುಗಳ ಜಾಗದಲ್ಲಿ ಕೂರುವ ಯೋಗ್ಯತೆ ಯಾವ ಹಾಡಿಗೂ ಇಲ್ಲ ಎಂಬುದು ಮುಖ್ಯ ಕಾರಣ.

ಮೊಬೈಲ್ ವಿಡಿಯೊದಲ್ಲಿ ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪುವುದುಂಟು. ಮೊಬೈಲುಗಳು ಬೆಳಕಿಗೆ ತಕ್ಕಂತೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ಬದಲಿಸುತ್ತಿರುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಇಂಥ ಫೈಲ್ ತೆರೆದಾಗ ಸಂಕಲನಕ್ಕೆ ಒಗ್ಗುವಂತೆ ಪರಿವರ್ತಿಸಲೇ ಎಂದು ಶಾಟ್‌ಕಟ್ ತಾನೇ ಕೇಳುತ್ತದೆ. ಇಂಗ್ಲಿಷಿನ ಆ ಪ್ರಶ್ನೆ ಅರ್ಥವಾಗದೆ ಬೇಡವೆಂದು ಒತ್ತುವವರೇ ಹೆಚ್ಚು.

ಕನ್ನಡ ಅಕ್ಷರಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಮನಸ್ಸಿಗೆ ಹೆಚ್ಚು ನೋವಾದದ್ದು ಇಲ್ಲಿ. ದೃಶ್ಯದ ಆರಂಭದಲ್ಲಿ “ಅರಿಶಿನ ಶಾಸ್ತ್ರ” ಎಂಬ ಎರಡು ಪದ ಹಾಕಬೇಕಿತ್ತು. ನಾನು ಮೊದಲು ಪ್ರಯತ್ನಿಸಿದ ಒಂದು ತಂತ್ರಾಂಶದಲ್ಲಿ ಅದು “ಶಾಸ್‌ತ್‌ರ” ಎಂದು ಒತ್ತಕ್ಷರ ಬಿಟ್ಟುಕೊಂಡು ಮೂಡಿತು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಅಕ್ಷರದ ಅಡಿಗೆ ಹೋಗಬೇಕು, ಗುಣಿತದ ಚಿಹ್ನೆ ಕೂಡಿಕೊಳ್ಳಬೇಕು. ಆ ಜೋಡಣೆಯನ್ನು ತಂತ್ರಾಂಶವೇ ಮಾಡಬೇಕು, ಮಾಡದಿದ್ದರೆ ಹೀಗಾಗುತ್ತದೆ. ಇನ್ನೊಂದು ತೊಡಕು ನಾವೇ ತಂದುಕೊಳ್ಳುವಂಥದು. ಕಚೇರಿಗಳಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿ ರೂಢಿಯಾದವರು ಆ ಪಠ್ಯವನ್ನೇ ತಂದು ಅಂಟಿಸುತ್ತಾರೆ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಕಾರಣ ಫಾಂಟು ಬದಲಾದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡಿನಲ್ಲಿ ಟೈಪು ಮಾಡಿ, ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ, ನವಿಲು ಇಂಥ ಫಾಂಟುಗಳಲ್ಲಿ ಒಂದನ್ನು ಆರಿಸಿದರೆ ಶಾಟ್‌ಕಟ್‌ನಲ್ಲಿ ಅಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಅಲ್ಲಿಯೂ ಕೆಟ್ಟರೆ ಇನ್ನೊಂದು ಉಪಾಯವಿದೆ: ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಸ್ಲೈಡು ಮಾಡುವ ಇಂಪ್ರೆಸ್‌ನಲ್ಲಿ ಶೀರ್ಷಿಕೆಯನ್ನು ಬರೆದು ಚಿತ್ರವಾಗಿ ಉಳಿಸಿ ಅದನ್ನು ಮೇಲಿನ ಟ್ರ್ಯಾಕಿನಲ್ಲಿ ಇಡುವುದು. ಚಿತ್ರವಾದ ಮೇಲೆ ಅಕ್ಷರ ಒಡೆಯುವ ಪ್ರಶ್ನೆಯೇ ಇಲ್ಲ. ಮದುವೆ ವಿಡಿಯೊಗಳಲ್ಲಿ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹಾಕುವುದು ರೂಢಿಯಾಗಲು ಈ ಒತ್ತಕ್ಷರದ ತೊಂದರೆಯೂ ಒಂದು ಕಾರಣವಿರಬೇಕೆಂದು ನನಗೆ ಅನ್ನಿಸುತ್ತದೆ.

ಮುಗಿದ ವಿಡಿಯೊವನ್ನು ಎಂಪಿ4 ರೂಪದಲ್ಲಿ ಉಳಿಸಿದರೆ ಟಿವಿಯಲ್ಲೂ ಮೊಬೈಲಿನಲ್ಲೂ ನಡೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊವಾಗಿ ಕಳುಹಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ 2 ಜಿಬಿಯವರೆಗೆ ಇದ್ದಂತೆಯೇ ಹೋಗುತ್ತದೆ. ಮಕ್ಕಳಿರುವ ವಿಡಿಯೊವನ್ನು ಎಲ್ಲರಿಗೂ ಕಾಣುವಂತೆ ಹಾಕುವ ಮೊದಲು ಅವರ ತಂದೆತಾಯಿಯನ್ನು ಕೇಳಬೇಕು. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ ಇರಬೇಕು. ಮೂಲ ಕ್ಯಾಸೆಟ್ಟನ್ನು ಎಸೆಯಬಾರದು.

ಮೇಲೆ ಹೇಳಿದ ಒಂದೊಂದನ್ನೂ ನಾನು ಇಂಗ್ಲಿಷಿನ ಅರೆಬರೆ ತಿಳಿವಳಿಕೆಯಿಂದ, ಕೆಲವನ್ನು ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗಿಯನ್ನು ಕೇಳಿ, ಆರು ತಿಂಗಳಲ್ಲಿ ಕಲಿತೆ. ಕನ್ನಡದಲ್ಲಿ ಹೇಳುವವರಿದ್ದರೆ ಆರು ಭಾನುವಾರ ಸಾಕಾಗುತ್ತಿತ್ತು. ಆದುದರಿಂದ ತಮ್ಮ ಪತ್ರಿಕೆ ವಾರಕ್ಕೊಮ್ಮೆ ಕಾಲು ಪುಟದಷ್ಟಾದರೂ ಜಾಗವನ್ನು ಇದಕ್ಕೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಒಂದು ವಾರ ಕತ್ತರಿಸುವುದು, ಒಂದು ವಾರ ಧ್ವನಿ, ಒಂದು ವಾರ ಕನ್ನಡ ಶೀರ್ಷಿಕೆ, ಒಂದು ವಾರ ಕ್ಯಾಸೆಟ್ ಇಳಿಸುವುದು, ಹೀಗೆ ಪರದೆಯ ಚಿತ್ರದೊಡನೆ ಬಂದರೆ ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಟೈಮ್‌ಲೈನ್, ಟ್ರ್ಯಾಕ್, ಫಿಲ್ಟರ್ ಮುಂತಾದ ಪದಗಳನ್ನು ಬಲವಂತವಾಗಿ ಸಂಸ್ಕೃತಕ್ಕೆ ತಿರುಗಿಸುವ ಅಗತ್ಯವಿಲ್ಲ; ಪರದೆಯ ಮೇಲೆ ಕಾಣುವ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದು ಅದು ಮಾಡುವ ಕೆಲಸವನ್ನು ಕನ್ನಡದಲ್ಲಿ ವಿವರಿಸಿದರೆ ಹೆಚ್ಚು ಉಪಯೋಗ. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿಬ್ರೆ ಆಫೀಸ್ ಮುಂತಾದ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡದ ಧ್ವನಿಯಲ್ಲಿಯೂ ಕೊಟ್ಟಿದೆ. ಆ ಕ್ರಮ ಇದಕ್ಕೂ ಹೊಂದುತ್ತದೆ.

ಸರ್ಕಾರಕ್ಕೂ ಒಂದು ಮಾತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅನೇಕ ಕಡೆ ಕಂಪ್ಯೂಟರೂ ಇದೆ. ಮುಕ್ತ ತಂತ್ರಾಂಶಕ್ಕೆ ಪರವಾನಗಿಯ ಖರ್ಚಿಲ್ಲ. ತಾಲ್ಲೂಕಿಗೆ ಒಂದು ಕೇಂದ್ರದಲ್ಲಾದರೂ ಒಂದು ದುರಸ್ತಿಯಾದ ವಿಸಿಆರ್, ಒಂದು ಯುಎಸ್‌ಬಿ ಸಾಧನ, ಒಂದು ದೊಡ್ಡ ಹಾರ್ಡ್ ಡಿಸ್ಕ್ ಇಟ್ಟರೆ ಸುತ್ತಲ ಹಳ್ಳಿಗಳವರು ತಮ್ಮ ಕ್ಯಾಸೆಟ್ಟುಗಳನ್ನು ತಂದು ತಾವೇ ಕೂತು ಇಳಿಸಿಕೊಳ್ಳಬಹುದು. ಆ ಕ್ಯಾಸೆಟ್ಟುಗಳಲ್ಲಿ ಮದುವೆ ಮಾತ್ರ ಇಲ್ಲ; ಊರಹಬ್ಬ, ನಾಟಕ, ಸೋಬಾನೆ, ಈಗ ಇಲ್ಲದ ಕೆರೆಕಟ್ಟೆ, ಈಗ ಯಾರೂ ಮಾಡದ ಶಾಸ್ತ್ರಗಳು ಇವೆ. ಟೇಪಿಗೆ ಆಯುಸ್ಸಿದೆ, ಯಂತ್ರಕ್ಕೂ ಇದೆ. ಇನ್ನು ಹತ್ತು ವರ್ಷ ಕಾಯುವಂತಿಲ್ಲ.

ಸ್ಟುಡಿಯೊ ನಡೆಸುವವರಲ್ಲಿ ನನ್ನ ಕೋರಿಕೆ ಚಿಕ್ಕದು. ನೀವು ಎಷ್ಟೇ ಚೆನ್ನಾಗಿ ಮಿಕ್ಸಿಂಗ್ ಮಾಡಿಕೊಡಿ, ಅದರ ಜೊತೆಗೆ ಕತ್ತರಿಸದ ಮೂಲ ಫೈಲುಗಳನ್ನು, ಮೂಲ ಧ್ವನಿಯೊಡನೆ, ಗ್ರಾಹಕರ ಕೈಗೆ ಕೊಡಿ. ಧ್ವನಿ ತೆಗೆಯುವ ಮೊದಲು ಒಂದು ಫೋನು ಮಾಡಿ ಕೇಳಿ.

ತಂಗಿಯ ಮಗಳ ಮದುವೆಯ ಹಿಂದಿನ ರಾತ್ರಿ ಆ ಆರು ನಿಮಿಷ ಹತ್ತು ಸೆಕೆಂಡುಗಳನ್ನು ಮನೆಯ ಟಿವಿಯಲ್ಲಿ ಹಾಕಿದೆವು. ಮೂರನೆಯ ನುಡಿಗೆ ಬರುವ ಹೊತ್ತಿಗೆ ತಂಗಿ ಅವ್ವನ ಜೊತೆ ಹೇಳತೊಡಗಿದ್ದಳು. ಸೊಲ್ಲು ಮರೆತ ಕಡೆ ಅವ್ವನೇ ಎತ್ತಿಕೊಟ್ಟಳು. ಕಲಿಯಬೇಕೆನ್ನುವವರು ನಮ್ಮ ಕಡೆ ಯಾರಾದರೂ ಇದ್ದರೆ, ಗ್ರಂಥಾಲಯದವರು ಒಂದು ಕಂಪ್ಯೂಟರ್ ಬಿಟ್ಟುಕೊಟ್ಟರೆ, ಭಾನುವಾರ ಬೆಳಗ್ಗೆ ಎರಡು ಗಂಟೆ ಕೂತು ಹೇಳಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಚೆ ನೌಕರ
ಅರಸೀಕೆರೆ, ಹಾಸನ ಜಿಲ್ಲೆ